ಮಧ್ಯಯುಗದ ಪಾಠಕ್ಕೆ ಚಟುವಟಿಕೆಗಳು: ಗಡಿನಾಡಿನ ಶಿಕ್ಷಕರಿಗೊಂದು ಮಾರ್ಗದರ್ಶಿ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸುವವರು ಒಟ್ಟು ಸೇರಿದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಮಧ್ಯಯುಗದ ಪಾಠಕ್ಕೆ ಮಕ್ಕಳಿಂದ ಏನು ಮಾಡಿಸುವುದು?’ ರಟ್ಟಿನ ಕಿರೀಟ ಮತ್ತು ಥರ್ಮೋಕೋಲಿನ ಕೋಟೆ ಮುಗಿದ ಮೇಲೆ ಏನೂ ತೋಚುವುದಿಲ್ಲ ಎಂಬುದು ಹಲವರ ದೂರು. ಕಿರೀಟದಿಂದ ಮಕ್ಕಳಿಗೆ ಸಂತೋಷವಾಗುತ್ತದೆ ನಿಜ, ಆದರೆ ಆ ಕಾಲದಲ್ಲಿ ಜನ ಏನು ಉಂಡರು, ಯಾವುದರ ಮೇಲೆ ಬರೆದರು, ಅಕ್ಕಿಯನ್ನು ಹೇಗೆ ಅಳೆದರು ಎಂಬುದರಲ್ಲಿ ಒಂದೂ ಅದರಿಂದ ತಿಳಿಯುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ರಾಜರನ್ನು ಹಿಂದಕ್ಕೆ ಸರಿಸಿ, ಮಕ್ಕಳ ಕೈಗೆ ಸಿಗುವ ವಸ್ತುಗಳಿಂದ ಆರಂಭಿಸಿದ್ದೇನೆ. 7ರಿಂದ 9ನೆಯ ತರಗತಿಯವರೆಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಇದಕ್ಕೆ ಒಟ್ಟು ಏಳು ಪಿರಿಯಡ್ ಬೇಕು.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಹತ್ತು ಮೀಟರ್ ತೆಂಗಿನನಾರಿನ ಹಗ್ಗ, ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ಹಸಿರು, ಹಳದಿ ಮತ್ತು ಕೆಂಪು ಕಾಗದದ ಚೀಟಿಗಳು, ತಾಳೆಗರಿಯ ತುಂಡುಗಳು ಅಥವಾ ಒಣಗಿದ ಅಡಿಕೆ ಹಾಳೆ, ಮುಗಿದುಹೋದ ಬಾಲ್‌ಪೆನ್ನುಗಳು, ದೀಪದ ಮಸಿ, ಸ್ವಲ್ಪ ತೆಂಗಿನೆಣ್ಣೆ, ಹಳೆಯ ಬಟ್ಟೆ, ಮತ್ತು ಯಾರ ಮನೆಯಲ್ಲಾದರೂ ಇನ್ನೂ ಉಳಿದಿರುವ ಸೇರು, ಪಾವುಗಳು. ಕೊನೆಯದನ್ನು ಮಕ್ಕಳ ಅಜ್ಜಿಯರಲ್ಲಿ ಕೇಳಿದರೆ ಬೇಗ ಸಿಗುತ್ತದೆ.

ಮೊದಲ ಹಂತಕ್ಕೆ ಹೋಗುವ ಮುನ್ನ ಮೂರು ಬಣ್ಣದ ಚೀಟಿಗಳ ಉಪಯೋಗವನ್ನು ಹೇಳಬೇಕು, ಏಕೆಂದರೆ ಇಡೀ ಕ್ರಮ ನಿಂತಿರುವುದು ಅವುಗಳ ಮೇಲೆ. ಪ್ರತಿ ಚಟುವಟಿಕೆಯ ಕೊನೆಯಲ್ಲಿ ‘ಇದು ನಮಗೆ ಹೇಗೆ ಗೊತ್ತು?’ ಎಂದು ಕೇಳಿ. ಶಾಸನವೋ ಪ್ರವಾಸಿಯೋ ಕಾಗದಪತ್ರವೋ ನೇರವಾಗಿ ಹೇಳಿದ ಸಂಗತಿಗೆ ಹಸಿರು ಚೀಟಿ. ಆಧಾರವಿಟ್ಟುಕೊಂಡು ನಾವು ಊಹಿಸಿದ್ದಕ್ಕೆ ಹಳದಿ. ನಾಟಕ ಚೆನ್ನಾಗಿ ಕಾಣಲೆಂದು ನಾವೇ ಸೇರಿಸಿದ್ದಕ್ಕೆ ಕೆಂಪು. ಕೆಂಪು ಚೀಟಿ ಬಂದರೆ ತಪ್ಪೇನಿಲ್ಲ ಎಂದು ಮೊದಲೇ ತಿಳಿಸಿ, ಇಲ್ಲವಾದರೆ ಮಕ್ಕಳು ಎಲ್ಲದಕ್ಕೂ ಹಸಿರನ್ನೇ ಅಂಟಿಸುತ್ತಾರೆ.

ಹಂತ 1: ಕಾಲದ ಹಗ್ಗ

‘ಮಧ್ಯಯುಗ’ ಎಂಬ ಹೆಸರು ಯುರೋಪಿನಿಂದ ಬಂದದ್ದು. ಭಾರತದ ಚರಿತ್ರೆಗೆ ಅದನ್ನು ಹೊಂದಿಸುವಾಗ ಎಲ್ಲರೂ ಒಂದೇ ಗಡಿ ಹಾಕುವುದಿಲ್ಲ. ತರಗತಿಯ ಅನುಕೂಲಕ್ಕೆ ಕ್ರಿ.ಶ. 700ರಿಂದ 1700ರವರೆಗೆ ಎಂದು ಇಟ್ಟುಕೊಳ್ಳೋಣ. ಹಾಗಾದರೆ ಹತ್ತು ಮೀಟರ್ ಹಗ್ಗದಲ್ಲಿ ಒಂದು ಮೀಟರಿಗೆ 100 ವರ್ಷ, ಒಂದು ಸೆಂಟಿಮೀಟರಿಗೆ ಒಂದು ವರ್ಷ. ನಮ್ಮ ತರಗತಿ ಕೋಣೆಗಳು ಸಾಮಾನ್ಯವಾಗಿ ಅಷ್ಟು ಉದ್ದವಿರುವುದಿಲ್ಲವಾದ್ದರಿಂದ ಹಗ್ಗವನ್ನು ಜಗಲಿಯಲ್ಲಿ ಕಂಬದಿಂದ ಕಂಬಕ್ಕೆ ಕಟ್ಟಿ.

ಇನ್ನು ಮಕ್ಕಳೇ ಅಳೆದು ಕ್ಲಿಪ್ ಹಾಕಲಿ. ಟುನೀಶಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ನೆಲೆಸಿದ್ದು 1132ರ ಸುಮಾರಿಗೆ, ಅಂದರೆ 4 ಮೀಟರ್ 32 ಸೆಂಟಿಮೀಟರಿನಲ್ಲಿ. ವಿಜಯನಗರದ ಸ್ಥಾಪನೆಯ ವರ್ಷವೆಂದು ಸಾಮಾನ್ಯವಾಗಿ ಹೇಳುವ 1336, ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ನಮ್ಮ ಕರಾವಳಿಯಲ್ಲಿ ಸಾಗಿದ 1340ರ ದಶಕದ ಮೊದಲ ವರ್ಷಗಳು, ಹೆರಾತಿನಿಂದ ಬಂದ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಿಂದ ಕಡಲ ದಾರಿಯಲ್ಲಿ ಮಂಗಳೂರಿಗೆ ಬಂದು ಅಲ್ಲಿಂದ ವಿಜಯನಗರಕ್ಕೆ ಹೋದ 1443, ವಾಸ್ಕೋ ಡ ಗಾಮನ 1498, ತಾಳಿಕೋಟೆಯ ಯುದ್ಧದ 1565. ಇವಿಷ್ಟು ಸಾಕು. ಹೆಚ್ಚು ಕ್ಲಿಪ್ ಹಾಕಿದರೆ ಹಗ್ಗ ಮತ್ತೆ ಇಸವಿಗಳ ಪಟ್ಟಿಯಾಗುತ್ತದೆ.

ಇಲ್ಲಿ ಎರಡು ಎಡವುಗಲ್ಲುಗಳಿವೆ. ಮೊದಲನೆಯದು ಬೇಕಲ ಕೋಟೆ. ಮಧ್ಯಯುಗದ ಪಾಠವೆಂದೊಡನೆ ನಾವೆಲ್ಲ ಮಕ್ಕಳನ್ನು ಬಸ್ಸು ಹತ್ತಿಸಿ ಬೇಕಲಕ್ಕೆ ಕರೆದೊಯ್ಯುತ್ತೇವೆ. ಆದರೆ ಆ ಕೋಟೆ ಕೆಳದಿಯ ಶಿವಪ್ಪ ನಾಯಕನ ಕಾಲದ್ದು, 1650ರ ಸುಮಾರಿನದು. ಹಗ್ಗದಲ್ಲಿ ಅದರ ಕ್ಲಿಪ್ಪು ಒಂಬತ್ತೂವರೆ ಮೀಟರಿನಲ್ಲಿ, ಬಹುತೇಕ ತುದಿಯಲ್ಲಿ, ಪೋರ್ಚುಗೀಸರು ಬಂದು ಒಂದೂವರೆ ಶತಮಾನ ಕಳೆದ ಮೇಲೆ ಬರುತ್ತದೆ. ಕೋಟೆಗೆ ಹೋಗಬಾರದೆಂದಲ್ಲ, ಅಲ್ಲಿ ನಿಂತು ಇಬ್ನ್ ಬತೂತನ ಕಥೆ ಹೇಳಬಾರದು, ಅಷ್ಟೆ.

ಎರಡನೆಯದು ಗಡಿನಾಡಿನ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ: ‘ಆಗ ನಾವು ಕೇರಳದಲ್ಲಿದ್ದೆವಾ, ಕರ್ನಾಟಕದಲ್ಲಿದ್ದೆವಾ?’ ಈ ಪ್ರಶ್ನೆಯನ್ನು ಬದಿಗೆ ತಳ್ಳಬೇಡಿ, ವಾದಕ್ಕೂ ಬಿಡಬೇಡಿ. ಕೇಳಿದ ಮಗುವಿಗೆ ಒಂದು ಕ್ಲಿಪ್ಪು ಕೊಟ್ಟು, ಭಾಷಾವಾರು ರಾಜ್ಯಗಳು ರೂಪುಗೊಂಡ 1956ನ್ನು ಹುಡುಕಲು ಹೇಳಿ. ಹಗ್ಗ ಮುಗಿದ ಮೇಲೆ ಆ ಮಗು ಇನ್ನೂ ಎರಡೂವರೆ ಮೀಟರ್ ಆಚೆಗೆ ನಡೆದು ಬರಿಯ ನೆಲದ ಮೇಲೆ ನಿಲ್ಲಬೇಕಾಗುತ್ತದೆ. ಈಗಿನ ರಾಜ್ಯಗಳು ಹಗ್ಗದ ಮೇಲೆಯೇ ಇಲ್ಲ ಎಂಬುದು ಆಗ ಮಾತಿಲ್ಲದೆ ತಿಳಿಯುತ್ತದೆ. ತುಳುನಾಡಿಗೂ ಮಲಯಾಳ ದೇಶಕ್ಕೂ ಚಂದ್ರಗಿರಿ ಹೊಳೆಯೇ ಗಡಿ ಎಂದು ಹಿಂದಿನವರು ಹೇಳುತ್ತಿದ್ದರು ಎಂಬುದನ್ನು ಅನಂತರ ಸೇರಿಸಿ.

ಹಂತ 2: ಊಟದ ತಟ್ಟೆಯ ತಪಾಸಣೆ

ಹಿಂದಿನ ದಿನ ರಾತ್ರಿ ಮನೆಯಲ್ಲಿ ಉಂಡದ್ದನ್ನೆಲ್ಲ, ಒಗ್ಗರಣೆಯ ಸಾಮಾನನ್ನೂ ಬಿಡದೆ, ಮಕ್ಕಳು ಬರೆದು ತರಲಿ. ಬಳಿಕ ಕರಿಹಲಗೆಯ ಮೇಲೆ ಒಂದು ಪಟ್ಟಿ ಬರೆಯಿರಿ: ಹಸಿಮೆಣಸು ಮತ್ತು ಒಣಮೆಣಸು, ಟೊಮೆಟೊ, ಬಟಾಟೆ, ನೆಲಗಡಲೆ, ಗೇರುಬೀಜ, ಮರಗೆಣಸು, ಸಿಹಿಗೆಣಸು, ಪಪ್ಪಾಯಿ, ಅನಾನಸು, ಪೇರಳೆ, ಜೋಳದಲ್ಲಿ ಮೆಕ್ಕೆಜೋಳ. ಇವೆಲ್ಲ ಅಮೆರಿಕ ಖಂಡದ ಬೆಳೆಗಳು. ಹಗ್ಗದಲ್ಲಿ 1498ರ ಕ್ಲಿಪ್ಪಿಗಿಂತ ಮೊದಲು ನಮ್ಮ ಅಡುಗೆಮನೆಯಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಮಕ್ಕಳು ತಮ್ಮ ಪಟ್ಟಿಯಿಂದ ಇವುಗಳನ್ನು ಹೊಡೆದುಹಾಕಲಿ.

ಗೇರುಗುಡ್ಡಗಳ ನಡುವೆ ಬೆಳೆದ ಮಕ್ಕಳಿಗೆ ಗೇರು ಹೊರಗಿನದೆಂದು ನಂಬುವುದೇ ಕಷ್ಟ. ಚೀನಿಕಾಯಿಯಂತೂ ಒಳ್ಳೆಯ ಪಾಠ: ಹೆಸರಿನಲ್ಲಿ ಚೀನಾ ಇದ್ದರೂ ಈ ಸಿಹಿಕುಂಬಳ ಬಂದದ್ದು ಅಮೆರಿಕದಿಂದ. ಹೆಸರನ್ನೇ ನಂಬಿ ಚರಿತ್ರೆ ಬರೆದರೆ ಹೇಗೆ ದಾರಿ ತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಆದರೆ ಕೆಲವೊಮ್ಮೆ ಹೆಸರೇ ಸಾಕ್ಷಿ ಹೇಳುತ್ತದೆ. ಕಾಳುಮೆಣಸಿಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ ಎಂದು ತರಗತಿಯಲ್ಲಿ ಕೇಳಿ. ನಮ್ಮ ಕಡೆಯ ಕನ್ನಡದವರು ಒಳ್ಳೆಮೆಣಸು ಎನ್ನುತ್ತಾರೆ, ತುಳು ಮನೆಯವರು ಎಡ್ಡೆಮುಂಚಿ ಎನ್ನುತ್ತಾರೆ, ಮಲಯಾಳದವರು ನಲ್ಲಮುಳಕ್ ಎನ್ನುತ್ತಾರೆ. ಮೂರೂ ಭಾಷೆಯಲ್ಲಿ ಅರ್ಥ ಒಂದೇ, ಒಳ್ಳೆಯ ಮೆಣಸು. ಮೊದಲು ಮೆಣಸು ಎಂದರೆ ಅದೊಂದೇ ಇತ್ತು. ಹೊಸದಾಗಿ ಬಂದ ಕಾಯಿ ಆ ಹೆಸರನ್ನು ಕಸಿದುಕೊಂಡ ಮೇಲೆ ಹಳೆಯದನ್ನು ಗುರುತಿಸಲು ‘ಒಳ್ಳೆಯ’ ಎಂಬ ಮಾತು ಅಂಟಿಕೊಂಡಿತು. ಈ ವಿವರಣೆಗೆ ಯಾವ ಚೀಟಿ ಎಂದು ಕೇಳಿ. ಉತ್ತರ ಹಳದಿ, ಏಕೆಂದರೆ ಇದು ಪದಗಳ ಹೋಲಿಕೆಯಿಂದ ನಾವು ತಲಪಿದ ತೀರ್ಮಾನ.

ಹೊಡೆದುಹಾಕಿ ಉಳಿದ ಪದಾರ್ಥಗಳಿಂದ ಗುಂಪುಗಳು ಒಂದು ಊಟವನ್ನು ಕಟ್ಟಲಿ. ಕುಚ್ಚಲಕ್ಕಿ ಅನ್ನ, ಹುರುಳಿಯ ಸಾರು, ಒಳ್ಳೆಮೆಣಸಿನ ಖಾರದಲ್ಲಿ ಬೂದುಗುಂಬಳ, ಕೆಸುವಿನೆಲೆಯ ಪತ್ರೊಡೆ, ಪುನರ್ಪುಳಿ, ಮಜ್ಜಿಗೆ, ಹಲಸು, ಬೆಲ್ಲ ಎಂದು ಅವರೇ ಹುಡುಕಿಕೊಳ್ಳುತ್ತಾರೆ. ಆದರೆ ಸಾಮಗ್ರಿ ಇತ್ತೆಂದ ಮಾತ್ರಕ್ಕೆ ಆ ಅಡುಗೆ ಆಗಲೂ ಹೀಗೆಯೇ ಇತ್ತೆಂದು ಅರ್ಥವಲ್ಲ. ಇಡ್ಲಿಯನ್ನೇ ನೋಡಿ: 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿ ಮತ್ತು ಮಸಾಲೆ ಬೆರೆಸುವ ಕ್ರಮವಿದೆ. ಈಗಿನ ಅಕ್ಕಿಯ ಇಡ್ಲಿ ಅದಲ್ಲ.

ರುಚಿ ತೋರಿಸುವ ಯೋಚನೆಯಿದ್ದರೆ ರಂಜಾನ್ ತಿಂಗಳನ್ನು ಬಿಟ್ಟು ದಿನ ಗೊತ್ತುಮಾಡಿ. ಯಾರ ಮನೆಯಲ್ಲಿ ಏನು ಉಣ್ಣುತ್ತಾರೆ ಎಂಬುದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಬೇಡಿ, ಚೀಟಿಗಳನ್ನು ಹೆಸರಿಲ್ಲದೆ ಒಟ್ಟುಮಾಡಿ. ಮೀನು, ಮಾಂಸ, ಬರಿಯ ಗಂಜಿ, ಇವು ಯಾವುದೂ ಮಕ್ಕಳ ನಡುವೆ ನಗೆಗೆ ಕಾರಣವಾಗಬಾರದು.

ಹಂತ 3: ಗರಿಯ ಮೇಲೆ ಬರೆಯುವುದು

ಆರು ಹಂತಗಳಲ್ಲಿ ಮಕ್ಕಳು ವರ್ಷಗಟ್ಟಲೆ ನೆನಪಿಡುವುದು ಇದನ್ನೇ, ಆದ್ದರಿಂದ ಇದಕ್ಕೆ ಎರಡು ಪಿರಿಯಡ್ ಕೊಡಿ. ನಮ್ಮ ಕಡೆ ಹಸ್ತಪ್ರತಿಗಳಿಗೆ, ಅಂದರೆ ಕೈಯಿಂದ ಬರೆದ ಹಳೆಯ ಗ್ರಂಥಗಳಿಗೆ, ಶ್ರೀತಾಳೆಯ ಗರಿಯನ್ನು ಬಳಸುತ್ತಿದ್ದರು. ಗರಿಯನ್ನು ಕತ್ತರಿಸಿ, ಬೇಯಿಸಿ, ಒಣಗಿಸಿ, ಉಜ್ಜಿ ನಯಮಾಡಿ, ಕಂಠ ಎಂಬ ಕಬ್ಬಿಣದ ಮೊನೆಯಿಂದ ಅಕ್ಷರ ಕೊರೆಯುತ್ತಿದ್ದರು. ಕೊರೆದ ಅಕ್ಷರ ಹಾಗೆಯೇ ಕಾಣಿಸುವುದಿಲ್ಲ, ಮಸಿ ಸವರಿ ಒರೆಸಿದಾಗ ಮಾತ್ರ ಗೀರುಗಳಲ್ಲಿ ಕಪ್ಪು ಉಳಿದು ಸಾಲು ಎದ್ದು ಬರುತ್ತದೆ.

ಶ್ರೀತಾಳೆ ಈಗ ಎಲ್ಲ ಊರಲ್ಲೂ ಇಲ್ಲ. ತನ್ನ ಜೀವಮಾನದಲ್ಲಿ ಒಮ್ಮೆ ಮಾತ್ರ ಹೂ ಬಿಟ್ಟು ಸಾಯುವ ಮರ ಅದು, ಚಟುವಟಿಕೆಗೆಂದು ಮರಕ್ಕೆ ಕತ್ತಿ ಹಾಕಬೇಡಿ. ಬಿದ್ದ ಗರಿ ಸಿಕ್ಕಿದರೆ ಒಳ್ಳೆಯದು, ಇಲ್ಲವಾದರೆ ಒಣಗಿದ ಅಡಿಕೆ ಹಾಳೆಯ ಒಳಮೈ ಸಾಕಷ್ಟು ಕೆಲಸ ಮಾಡುತ್ತದೆ. ತೆಂಗಿನ ಗರಿ ಬೇಡ, ಅದು ತೀರ ಇಕ್ಕಟ್ಟು, ಬೇಗ ಸುರುಟಿಕೊಳ್ಳುತ್ತದೆ. ಹಾಳೆಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಅಗಲ ಮಾಡಿ, ಮೇಲೆ ಭಾರವಿಟ್ಟು ಒಂದು ದಿನ ಒಣಗಿಸಿ, ನಾಲ್ಕು ಬೆರಳು ಅಗಲದ ಪಟ್ಟಿಗಳಾಗಿ ಕತ್ತರಿಸಿ ತಯಾರಿಟ್ಟುಕೊಳ್ಳಿ.

ಮೊನೆಗೆ ಕೈವಾರದ ಮುಳ್ಳನ್ನೋ ಮೊಳೆಯನ್ನೋ ಕೊಡಬೇಡಿ. ಒತ್ತುವಾಗ ಜಾರಿದರೆ ಎಡಗೈ ಹೆಬ್ಬೆರಳಿಗೇ ಚುಚ್ಚುತ್ತದೆ, ಏಕೆಂದರೆ ಗರಿಯನ್ನು ಹಿಡಿಯುವುದು ಆ ಬೆರಳಿನಲ್ಲಿಯೇ. ಮುಗಿದ ಬಾಲ್‌ಪೆನ್ನಿನ ತುದಿ ಸಾಕು. ಮಕ್ಕಳು ಮೊದಲು ನಾರಿನ ಉದ್ದಕ್ಕೆ ಒಂದು ನೇರ ಗೆರೆ ಎಳೆಯಲಿ, ಬಳಿಕ ‘ಅ’, ‘ಲ’, ‘ಠ’ ಬರೆಯಲಿ. ನೇರ ಗೆರೆ ಎಳೆದ ಕಡೆ ಗರಿ ಸೀಳಲು ನೋಡುತ್ತದೆ, ದುಂಡಕ್ಷರ ಬರೆದ ಕಡೆ ಹಾಗಾಗುವುದಿಲ್ಲ. ಇದನ್ನು ಬೆರಳಿನಿಂದಲೇ ಮುಟ್ಟಿ ನೋಡಲಿ. ಅನಂತರ ದೀಪದ ಮಸಿಗೆ ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ ಕಲಸಿ, ಬಟ್ಟೆಯಿಂದ ಸವರಿ, ಬೇರೆ ಬಟ್ಟೆಯಿಂದ ಒರೆಸಿ. ಖಾಲಿಯಂತೆ ಕಾಣುತ್ತಿದ್ದ ಹಾಳೆಯಲ್ಲಿ ತನ್ನ ಹೆಸರು ಮೂಡಿದ್ದನ್ನು ನೋಡಿ ಮಗು ಒಂದು ಕ್ಷಣ ಸುಮ್ಮನಾಗುತ್ತದೆ. ಬಳಿಕ ಆ ಮಸಿ ಅಂಗಿಗೂ ತಾಗುತ್ತದೆ, ಆದ್ದರಿಂದ ಬಿಳಿ ಸಮವಸ್ತ್ರದ ದಿನ ಇದನ್ನು ಇಟ್ಟುಕೊಳ್ಳಬೇಡಿ. ಮಳೆಗಾಲದಲ್ಲಿ ಹಾಳೆಗೆ ಬೂಸು ಬರುತ್ತದೆ, ಓಣಂ ರಜೆಯ ಅನಂತರದ ತಿಂಗಳುಗಳೇ ಇದಕ್ಕೆ ತಕ್ಕವು.

‘ತಾಳೆಗರಿ ಸೀಳಬಾರದೆಂದೇ ಕನ್ನಡದ ಅಕ್ಷರ ದುಂಡಗಾಯಿತು’ ಎಂದು ತೀರ್ಪು ಕೊಡುವ ಆಸೆ ಇಲ್ಲಿ ಎಲ್ಲರಿಗೂ ಬರುತ್ತದೆ. ಅದನ್ನು ಹಳದಿ ಚೀಟಿಯಲ್ಲಿಯೇ ಇಡಿ. ಉತ್ತರ ಭಾರತದವರು ಅದೇ ಗರಿಯ ಮೇಲೆ ಕೊರೆಯದೆ ಮಸಿಯಿಂದ ಬರೆಯುತ್ತಿದ್ದುದರಿಂದ ಅವರ ಅಕ್ಷರಗಳ ತಲೆಗೆರೆಗೆ ತೊಂದರೆಯಾಗಲಿಲ್ಲ ಎಂಬುದನ್ನೂ ಹೇಳಿದರೆ ಮಕ್ಕಳೇ ತೂಗಿ ನೋಡುತ್ತಾರೆ.

ಸಮಯ ಉಳಿದರೆ ನಕಲು ಸರಪಳಿ ಆಡಿಸಿ. ಎಂಟು ಸಾಲಿನ ಒಂದು ಹಳಗನ್ನಡ ಪದ್ಯಭಾಗವನ್ನು ಮೊದಲನೆಯವನು ನೋಡಿ ಬರೆಯಲಿ, ಎರಡನೆಯವನು ಮೊದಲನೆಯವನ ಪ್ರತಿಯನ್ನು ಮಾತ್ರ ನೋಡಲಿ, ಹೀಗೆ ಐದು ಮಂದಿಯವರೆಗೆ ಸಾಗಲಿ. ಐದನೆಯ ಪ್ರತಿಯನ್ನು ಮೂಲದೊಡನೆ ಹೋಲಿಸಿದಾಗ ಸಿಗುವ ವ್ಯತ್ಯಾಸಗಳಿಗೆ ಪಾಠಾಂತರ ಎಂದು ಹೆಸರು. ವಿದ್ವಾಂಸರು ಒಂದೇ ಕಾವ್ಯದ ಹಲವು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು ಏಕೆ ಕುಳಿತಿರುತ್ತಾರೆಂದು ಆಗ ತಿಳಿಯುತ್ತದೆ. ಈ ಆಟಕ್ಕೆ ಸಾಮಾನ್ಯ ಕಾಗದವೇ ಸಾಕು.

ಹಂತ 4: ಶಾಲೆಯ ಬಾವಿಗೊಂದು ಶಾಸನ

ಶಾಸನವೆಂದರೆ ಕಲ್ಲಿನ ಮೇಲಿನ ಕಾನೂನುಪತ್ರ ಎಂದು ಪರಿಚಯಿಸಿದರೆ ಸಾಕು. ಮಧ್ಯಯುಗದ ದಾನಶಾಸನಗಳಿಗೆ ಒಂದು ಕಟ್ಟು ಇರುತ್ತದೆ. ಮೊದಲು ‘ಸ್ವಸ್ತಿ ಶ್ರೀ’ ಎಂಬ ಮಂಗಳ, ಬಳಿಕ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ. ಅನಂತರ ಆಳುತ್ತಿದ್ದ ರಾಜನ ಹೊಗಳಿಕೆ, ಅದಕ್ಕೆ ಪ್ರಶಸ್ತಿ ಎನ್ನುತ್ತಾರೆ. ಆಮೇಲೆ ಕೊಟ್ಟವರು ಯಾರು, ಪಡೆದವರು ಯಾರು, ಕೊಟ್ಟದ್ದು ಎಷ್ಟು ಎಂಬ ವಿವರ, ನಾಲ್ಕು ದಿಕ್ಕಿನ ಎಲ್ಲೆ, ಕೊನೆಗೆ ಶಾಪಾಶಯ, ಅಂದರೆ ದಾನ ಕೆಡಿಸಿದವನಿಗೆ ಹಾಕುವ ಶಾಪ. ದಾನ ಮಾಡಿದ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶ್ಲೋಕ ಎಷ್ಟೋ ಶಾಸನಗಳ ಕೊನೆಯಲ್ಲಿ ಬರುತ್ತದೆ. ಈ ಭಾಗ ಬಂದಾಗ ತರಗತಿಗೆ ನಿದ್ದೆ ಹಾರಿಹೋಗುತ್ತದೆ.

ಮಕ್ಕಳು ಗುಂಪಾಗಿ ಶಾಲೆಯ ಬಾವಿಯನ್ನು ಊರಿಗೆ ದಾನ ಕೊಟ್ಟಂತೆ ಶಾಸನ ರಚಿಸಲಿ. ಶಕವರ್ಷ, ಸಂವತ್ಸರ ಮತ್ತು ತಿಥಿಯನ್ನು ಗೋಡೆಯ ಕ್ಯಾಲೆಂಡರಿನಿಂದ ತೆಗೆಯಲಿ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಶಕವರ್ಷ ಯುಗಾದಿಗೆ ಬದಲಾಗುವುದರಿಂದ ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ ಮಾತ್ರ 79 ಕೂಡಿಸಬೇಕು, ಇದನ್ನು ಮರೆತು ಒಂದು ವರ್ಷ ತಪ್ಪುವುದು ಸಾಮಾನ್ಯ. ಎಲ್ಲೆ ಬರೆಯುವಾಗ ಪೂರ್ವ, ಪಶ್ಚಿಮ ಬೇಡ, ಶಾಸನದ ಮಾತುಗಳಾದ ಮೂಡಲು, ತೆಂಕಲು, ಪಡುವಲು, ಬಡಗಲು ಎಂಬುವನ್ನೇ ಬಳಸಲಿ. ತುಳು ಮಾತಾಡುವ ಮಕ್ಕಳಿಗೆ ಇವು ಹಳೆಯ ಶಬ್ದಗಳೇ ಅಲ್ಲ, ಮನೆಯಲ್ಲಿ ದಿನವೂ ಮೂಡಾಯಿ, ಪಡ್ಡಾಯಿ ಎನ್ನುತ್ತಾರೆ. ತೆಂಕುತಿಟ್ಟಿನ ಯಕ್ಷಗಾನ ನೋಡಿದ ಮಗುವಿಗೆ ತೆಂಕು ಯಾವ ದಿಕ್ಕೆಂದು ಹೇಳಿಕೊಡಬೇಕಾಗಿಯೂ ಇಲ್ಲ. ಶಾಸನದ ತಲೆಯ ಮೇಲೆ ಸೂರ್ಯ, ಚಂದ್ರ ಬಿಡಿಸಲಿ, ದಾನವು ‘ಆಚಂದ್ರಾರ್ಕ’ವಾಗಿ, ಅಂದರೆ ಸೂರ್ಯಚಂದ್ರರಿರುವವರೆಗೆ ನಡೆಯಲಿ ಎಂಬುದರ ಗುರುತು ಅದು.

ಊರಿನಲ್ಲಿ ನಿಜವಾದ ಶಾಸನಕಲ್ಲು ಇದ್ದರೆ ತೋರಿಸಿ, ಆದರೆ ಅಕ್ಷರ ಕಾಣಲೆಂದು ಚಾಕ್‌ಪುಡಿ ತುಂಬಬೇಡಿ, ಎಣ್ಣೆ ಹಚ್ಚಬೇಡಿ, ಉಜ್ಜಿ ತೊಳೆಯಬೇಡಿ. ಈ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೇನೆ. ಚಾಕ್ ಹಚ್ಚಿ ತೆಗೆದ ಫೋಟೊದಲ್ಲಿ ಕಾಣಿಸಿದ್ದು ಕಲ್ಲಿನ ಅಕ್ಷರವಲ್ಲ, ನಾನು ಅಕ್ಷರವೆಂದು ಭಾವಿಸಿ ತುಂಬಿದ ಗೀರುಗಳು. ಸರಿಯಾದ ಉಪಾಯ ಬೆಳಕು: ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ನೋಡಿ, ಇಲ್ಲವೇ ಟಾರ್ಚನ್ನು ಕಲ್ಲಿನ ಬದಿಯಿಂದ ಹಾಯಿಸಿ. ಕೊರೆದ ಅಕ್ಷರಗಳ ನೆರಳು ತಾನಾಗಿ ಏಳುತ್ತದೆ. ಪಡಿಯಚ್ಚು, ಅಂದರೆ ಕಾಗದ ಒತ್ತಿ ಅಕ್ಷರಗಳ ಅಚ್ಚು, ತೆಗೆಯುವುದನ್ನು ಬಲ್ಲವರಿಗೇ ಬಿಡಿ. ಹಾಗೆಯೇ 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ 100 ವರ್ಷಕ್ಕಿಂತ ಹಳೆಯ ಶಿಲ್ಪ, ಶಾಸನ, ನಾಣ್ಯಗಳೂ 75 ವರ್ಷ ಕಳೆದ ಮೌಲ್ಯಯುತ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳಾಗುತ್ತವೆ. ‘ಮನೆಯಿಂದ ಹಳೆಯದು ಏನಿದೆಯೋ ತನ್ನಿ’ ಎಂದು ಮಕ್ಕಳಿಗೆ ಹೇಳಬೇಡಿ. ಓಲೆಯ ಕಟ್ಟು ಮನೆಯಲ್ಲೇ ಇರಲಿ, ಫೋಟೊ ಮಾತ್ರ ಬರಲಿ.

ಹಂತ 5: ಬಂದರಿನ ಸಂತೆ

‘ಮಕ್ಕಳ ಸಂತೆ’ ಎಲ್ಲ ಶಾಲೆಗಳಲ್ಲೂ ನಡೆಯುತ್ತದೆ. ಇದನ್ನು ಅದರಂತೆ ಆಗಲು ಬಿಟ್ಟರೆ ಬೆಂಡೆಕಾಯಿ ಮಾರಿ ಮುಗಿಯುತ್ತದೆ. ಇಲ್ಲಿ ನಾಲ್ಕು ಗುಂಪುಗಳಿರಲಿ: ಕುಂಬಳೆ, ಮಂಗಳೂರು, ಯೆಮನ್ನಿನ ಬಂದರಾದ ಏಡನ್, ಮಾಲ್ದೀವು. ಯಾರ ಬಳಿ ಏನಿರಬೇಕೆಂಬುದಕ್ಕೆ ಆಧಾರಗಳಿವೆ. 16ನೆಯ ಶತಮಾನದ ಎರಡನೆಯ ದಶಕದಲ್ಲಿ ಬರೆದ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೋಸ, ಕುಂಬಳೆಯಲ್ಲಿ ಕಡಿಮೆ ಬೆಲೆಯ ಕಪ್ಪು ಅಕ್ಕಿ ಹೇರಳವಾಗಿ ಸಿಗುತ್ತದೆಂದೂ ಮಲಬಾರಿನವರು ಬಡವರಿಗೆ ಮಾರಲು ಅದನ್ನು ಕೊಳ್ಳುತ್ತಾರೆಂದೂ ಮಾಲ್ದೀವಿಗೆ ಅದನ್ನು ಕೊಂಡೊಯ್ದು ಬದಲಿಗೆ ತೆಂಗಿನನಾರು ತರುತ್ತಾರೆಂದೂ ಹೇಳುತ್ತಾನೆ. ಜಗಲಿಯಲ್ಲಿ ಕಟ್ಟಿದ ಹಗ್ಗವನ್ನು ಈಗ ಮತ್ತೊಮ್ಮೆ ತೋರಿಸಿ. ನಾಲ್ಕು ಶತಮಾನ ಮೊದಲು ಬೆನ್ ಯಿಜು ಮಂಗಳೂರಿನಿಂದ ಏಡನ್ನಿಗೆ ಕಬ್ಬಿಣ, ಮೆಣಸು, ಅಡಿಕೆ ಕಳಿಸುತ್ತಿದ್ದ. ಅಲ್ಲಿಂದ ಅವನಿಗೆ ಸಕ್ಕರೆ, ಒಣದ್ರಾಕ್ಷಿ ಮತ್ತು ಕಾಗದ ಬರುತ್ತಿದ್ದವು. ಗರಿಯ ಮೇಲೆ ಬರೆದು ಕೈ ಮಸಿ ಮಾಡಿಕೊಂಡ ಮಕ್ಕಳಿಗೆ, ಕಾಗದವನ್ನು ಕಡಲಾಚೆಯಿಂದ ತರಿಸುತ್ತಿದ್ದರು ಎಂಬ ಮಾತು ಈಗ ತಟ್ಟುತ್ತದೆ. ಇದೆಲ್ಲ ನಮಗೆ ಗೊತ್ತಾದದ್ದು ಬೆನ್ ಯಿಜುವಿನ ವ್ಯಾಪಾರದ ಪತ್ರಗಳಿಂದ. ಆ ಪತ್ರಗಳು ಉಳಿದದ್ದಾದರೂ ಹೇಗೆ? ದೇವರ ಹೆಸರಿರಬಹುದಾದ ಬರಹವನ್ನು ಎಸೆಯಬಾರದೆಂಬ ನಂಬಿಕೆಯಿಂದ ಕೈರೋದ ಯಹೂದಿ ಪ್ರಾರ್ಥನಾಲಯದ ಒಂದು ಕೋಣೆಯಲ್ಲಿ, ಗೆನೀಜಾ ಎಂಬಲ್ಲಿ, ಅವು ಶತಮಾನಗಟ್ಟಲೆ ಬಿದ್ದಿದ್ದವು.

ನಾಣ್ಯಕ್ಕೆ ಅಬ್ದುರ್ ರಜಾಕ್ ವಿಜಯನಗರದಲ್ಲಿ ಕಂಡ ಲೆಕ್ಕವನ್ನು ತೆಗೆದುಕೊಳ್ಳಿ: ಒಂದು ವರಾಹಕ್ಕೆ ಎರಡು ಪರ್ತಾಬ್, ಒಂದು ಪರ್ತಾಬಿಗೆ ಹತ್ತು ಪಣ, ಒಂದು ಪಣಕ್ಕೆ ಆರು ತಾರ, ಒಂದು ತಾರಕ್ಕೆ ಮೂರು ಜಿತಲ್. ಹಾಗಾದರೆ ಒಂದು ವರಾಹಕ್ಕೆ 360 ಜಿತಲ್. ಅಳತೆಗೆ ನಮ್ಮ ಹಿರಿಯರು ಬಳಸುತ್ತಿದ್ದ ಮುಡಿ ಇರಲಿ, ಒಂದು ಮುಡಿಗೆ ಮೂರು ಕಳಸೆ, 42 ಸೇರು. ದಶಮಾಂಶ ಪದ್ಧತಿಗೆ ಒಗ್ಗಿದ ಮಕ್ಕಳು ಮೊದಲ ಹತ್ತು ನಿಮಿಷ ಗೊಂದಲ ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ. ಗಣಿತ ಶಿಕ್ಷಕರನ್ನು ಜೊತೆಗೆ ಕರೆದರೆ ಅವರ ಒಂದು ಪಿರಿಯಡ್ ಕೂಡ ನಿಮಗೆ ಸಿಗುತ್ತದೆ. ಇಲ್ಲಿ ಬೇರೆ ಬೇರೆ ಶತಮಾನದ ವ್ಯಾಪಾರಿಗಳನ್ನೂ ಒಳನಾಡಿನ ನಾಣ್ಯವನ್ನೂ ಇತ್ತೀಚಿನ ಅಳತೆಯನ್ನೂ ಒಂದೇ ಸಂತೆಗೆ ತಂದಿದ್ದೇವೆ. ಅದಕ್ಕೆ ದೊಡ್ಡದೊಂದು ಕೆಂಪು ಚೀಟಿಯನ್ನು ನೀವೇ ಅಂಟಿಸಿ ಮಾದರಿ ತೋರಿಸಿ.

ಪ್ರತಿ ಗುಂಪಿನಲ್ಲೂ ಒಬ್ಬರು ಲೆಕ್ಕ ಬರೆಯಲೇಬೇಕು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಹಚ್ಚಿ, ಮಡಚಿ, ಬಳಪದಿಂದ ಬರೆಯುವ ಕಡತ ಎಂಬ ಲೆಕ್ಕಪುಸ್ತಕ ಕನ್ನಡ ನಾಡಿನಲ್ಲಿತ್ತು. ನಮ್ಮ ಕೆಲಸಕ್ಕೆ ಸ್ಲೇಟು ಸಾಕು. ಶುಕ್ರವಾರ ಮಧ್ಯಾಹ್ನದ ಬಿಡುವು ಉದ್ದವಾಗಿರುವುದರಿಂದ ಸಂತೆಯನ್ನು ಬೇರೆ ದಿನ ಇಟ್ಟುಕೊಳ್ಳುವುದು ಲೇಸು, ನಡುವೆ ಕಡಿದುಹೋದ ಸಂತೆ ಮತ್ತೆ ಕೂಡುವುದಿಲ್ಲ.

ಹಂತ 6: ದಾರಿಹೋಕನ ಕಣ್ಣು

ಕೊನೆಯದು ಓದುವ ಮತ್ತು ಮಾತಾಡುವ ಕೆಲಸ. ಗೋವೆಯಿಂದ ಕೊಲ್ಲದವರೆಗಿನ ಕರಾವಳಿಯ ಬಗ್ಗೆ ಇಬ್ನ್ ಬತೂತ ಹೇಳುವುದರ ಸಾರ ಇದು: ದಾರಿಯುದ್ದಕ್ಕೂ ಮರಗಳ ನೆರಳಿದೆ, ಪ್ರತಿ ಅರ್ಧ ಮೈಲಿಗೆ ಕುಳಿತುಕೊಳ್ಳಲು ಮರದ ತಂಗುದಾಣವಿದೆ, ಅಲ್ಲಿ ಬಾವಿಯೂ ನೀರು ಕೊಡುವವನೂ ಇದ್ದಾನೆ, ಸವಾರಿಯ ಪ್ರಾಣಿಗಳು ಅಪರೂಪ, ಸರಕು ಸಾಗುವುದು ಆಳುಗಳ ಬೆನ್ನ ಮೇಲೆ. ಮಂಗಳೂರಿನಲ್ಲಿ ಫಾರ್ಸ್ (ಈಗಿನ ಇರಾನಿನ ಒಂದು ಭಾಗ) ಮತ್ತು ಯೆಮನ್ನಿನ ವ್ಯಾಪಾರಿಗಳು ಇಳಿಯುತ್ತಾರೆಂದೂ ಮೆಣಸು, ಶುಂಠಿ ಹೇರಳವೆಂದೂ ಅವನು ಬರೆದಿದ್ದಾನೆ. ಆ ದಾರಿ ನಮ್ಮ ಕುಂಬಳೆ, ಮಂಜೇಶ್ವರಗಳ ಸೀಮೆಯನ್ನು ದಾಟದೆ ಹೋಗಿರಲಾರದು. ಇದಕ್ಕೆ ಯಾವ ಚೀಟಿ ಎಂದು ಕೇಳಿದರೆ ಈ ವೇಳೆಗೆ ಮಕ್ಕಳೇ ಹಳದಿ ಎನ್ನುತ್ತಾರೆ.

ಇದೇ ಬರಹದಲ್ಲಿ ಇನ್ನೊಂದು ಸಂಗತಿ ಇದೆ. ತಂಗುದಾಣದಲ್ಲಿ ಹಿಂದುವಿಗೆ ಪಾತ್ರೆಯಲ್ಲಿ ನೀರು ಕೊಡುತ್ತಿದ್ದರು, ಮುಸ್ಲಿಮನಿಗೆ ಬೊಗಸೆಗೆ ಸುರಿಯುತ್ತಿದ್ದರು ಎಂದು ಅವನು ಹೇಳುತ್ತಾನೆ. ಇದನ್ನು ಬಿಟ್ಟು ಓದಿಸಬಾರದು ಎಂಬುದು ನನ್ನ ಅಭಿಪ್ರಾಯ, ಆದರೆ ಅಭಿನಯಿಸಿಯೂ ತೋರಿಸಬಾರದು. ಮಧ್ಯಯುಗದ ಬದುಕಿನಲ್ಲಿ ಜಾತಿಯ ಮೇಲುಕೀಳು, ಜೀತ, ಗುಲಾಮಗಿರಿ ಎಲ್ಲವೂ ಇದ್ದವು. ಅವುಗಳನ್ನು ಮಾತಿನಲ್ಲಿ ಚರ್ಚಿಸಬಹುದು, ಮಗುವಿನ ಮೈಮೇಲೆ ಪಾತ್ರವಾಗಿ ಹೊರಿಸಿದರೆ ಆ ಹೆಸರು ಶಾಲೆ ಬಿಡುವವರೆಗೆ ಅಂಟಿಕೊಳ್ಳುತ್ತದೆ. ಸಂತೆಯ ಪಾತ್ರಗಳನ್ನು ಕೂಡ ಚೀಟಿ ಎತ್ತಿಸಿ ಹಂಚಿ, ಮಗುವಿನ ಮನೆತನ ನೋಡಿ ಕೊಡಬೇಡಿ.

ದುಡಿಯುವವರ ಬದುಕನ್ನು ಗೌರವದಿಂದ ತರಗತಿಗೆ ತರಲು 12ನೆಯ ಶತಮಾನದ ಶರಣರ ಹೆಸರುಗಳು ಒಳ್ಳೆಯ ದಾರಿ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಅಕ್ಕಿ ಆಯುವ ಆಯ್ದಕ್ಕಿ ಲಕ್ಕಮ್ಮ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ನೂಲುವ ಕದಿರ ರೆಮ್ಮವ್ವೆ. ಹೆಸರಿನಿಂದ ಕೆಲಸವನ್ನು ಪತ್ತೆಮಾಡಿ, ಆ ಕೆಲಸಕ್ಕೆ ಬೇಕಾಗುವ ಸಲಕರಣೆಯ ಚಿತ್ರ ಬಿಡಿಸುವುದು ಇಪ್ಪತ್ತು ನಿಮಿಷದ ಕೆಲಸ. ಕೊಟ್ಟಣ ಎಂದರೇನೆಂದು ಗೊತ್ತಿಲ್ಲದ ಮಕ್ಕಳೇ ಈಗ ಹೆಚ್ಚು, ಅದನ್ನು ಮನೆಯಲ್ಲಿ ಕೇಳಿಕೊಂಡು ಬರಲಿ.

ಅಂಕ ಕೊಡುವುದು ಹೇಗೆಂದು ಕೇಳುವವರಿಗೆ: ಚಿತ್ರದ ಅಂದಕ್ಕೋ ಅಭಿನಯಕ್ಕೋ ಅಂಕ ಬೇಡ. ಕೊನೆಯ ದಿನ ಪ್ರತಿ ಮಗುವೂ ಹಗ್ಗದ ಬಳಿಗೆ ಹೋಗಿ ತಾನು ಕಲಿತ ಮೂರು ಸಂಗತಿಗಳನ್ನು ಮೂರು ಬಣ್ಣದ ಚೀಟಿಗಳಲ್ಲಿ ಬರೆದು ತಕ್ಕ ಜಾಗದಲ್ಲಿ ಸಿಕ್ಕಿಸಲಿ. ಬಣ್ಣವೂ ಜಾಗವೂ ಸರಿಯಿದ್ದರೆ ಪೂರ್ತಿ ಅಂಕ ಕೊಡಿ. ಏಳು ಪಿರಿಯಡ್ ಸಿಗದವರು ಹಗ್ಗ ಮತ್ತು ಗರಿ ಎರಡನ್ನು ಮಾಡಿದರೂ ನಡೆಯುತ್ತದೆ, ಊಟದ ತಪಾಸಣೆಯನ್ನು ಮನೆಗೆಲಸವಾಗಿ ಕೊಡಬಹುದು. ಹಗ್ಗವನ್ನು ಸುತ್ತಿಡುವ ಮುನ್ನ ಮೀಟರಿನ ಗುರುತುಗಳಿಗೆ ಬಣ್ಣದ ನೂಲು ಕಟ್ಟಿಡಿ, ಮುಂದಿನ ವರ್ಷ ಮತ್ತೆ ಅಳೆಯುವ ಕೆಲಸ ತಪ್ಪುತ್ತದೆ. ಮಸಿ ಹಚ್ಚಿದ ಹಾಳೆಗಳನ್ನು ಮಾತ್ರ ಶಾಲೆಯಲ್ಲಿ ಇಟ್ಟುಕೊಳ್ಳಬೇಡಿ, ಮಕ್ಕಳು ಮನೆಗೆ ಒಯ್ಯಲಿ.